ಶಿವಮೊಗ್ಗದ ಪಿನ್‌ಕೋಡ್ 577201 ನ ಪೆನ್ನು ಹಾಳೇಲೇ ಒಡೆಯೋದು ಹೇಗೆ

ದೊಡ್ಡ ನಂಬರ್ ಕೊಟ್ಟು ಇದರ ಗುಣಲಕ್ಷಣ ಹೇಳಿ ಅಂದ್ರೆ ಸುಮಾರು ಜನ ಸೀದಾ ಫೋನ್ ತೆಗೀತಾರೆ. ಬೇಡ ಮಾರಾಯ್ರೆ, ಒಂದು ರಫ್ ಹಾಳೆ ಸಾಕು. ನಮ್ಮ ಪಿನ್‌ಕೋಡೇ ತಗೊಂಡು ಅವಿಭಾಜ್ಯಗಳ (1 ಮತ್ತೆ ತನ್ನಿಂದ ಮಾತ್ರ ಭಾಗ ಹೋಗೋ ನಂಬರ್‌ಗಳ) ಗುಣಾಕಾರವಾಗಿ ಒಡೆಯೋಣ, ಜಡಿಮಳೆ ಹಿಡಿದು ಕರೆಂಟ್ ಹೋದಾಗ ಒಳ್ಳೆ ಟೈಂಪಾಸ್.

ಕೊನೇಲಿ 1 ಇದೆ, 2 ಮತ್ತೆ 5 ಔಟ್. ಅಂಕಿ ಎಲ್ಲಾ ಕೂಡಿಸಿದ್ರೆ 22, ಮೂರರ ಮಗ್ಗೀಲಿ ಬರಲ್ಲ, ಹಾಗಾಗಿ 3 ನೂ ಔಟ್. ಸಾಗರದ 577401 ಆದ್ರೆ ಮೊತ್ತ 24 ಬಂದು ಆರಾಮಾಗಿ ಭಾಗ ಹೋಗುತ್ತೆ, ತೀರ್ಥಹಳ್ಳಿ 577432 ಕೊನೆ ಮೂರಂಕಿ 432 ನೋಡಿದ್ರೇನೆ 8 ರಿಂದ ಹೋಗುತ್ತೆ ಅಂತ ಗೊತ್ತಾಗುತ್ತೆ, ನಮ್ಮೂರಿಂದು ಅಷ್ಟು ಸುಲಭಕ್ಕೆ ಬಗ್ಗಲ್ಲ.

7, 11, 13 ಮೂರನ್ನೂ ಒಂದೇ ಏಟಿಗೆ ನೋಡ್ಬಹುದು, ಯಾಕಂದ್ರೆ ಮೂರನ್ನೂ ಗುಣಿಸಿದ್ರೆ 1001. ನಂಬರನ್ನ 577, 201 ಅಂತ ಮೂರ್ಮೂರಂಕಿ ಮಾಡಿ ಕಳೀರಿ, 376 ಬರುತ್ತೆ. ಈ ಮೂರರಲ್ಲಿ ಅದು ಯಾವುದರಿಂದ ಭಾಗ ಹೋಗುತ್ತೋ ಇಡೀ ನಂಬರೂ ಅದರಿಂದ ಹೋಗುತ್ತೆ. 376 ಈ ಮೂರರಿಂದಲೂ ಹೋಗಲ್ಲ.

ಮಜಾ ಇರೋದು 17 ರಲ್ಲಿ. ಕೊನೆ ಅಂಕಿ ತೆಗೆದು ಅದರ ಐದರಷ್ಟನ್ನ ಉಳಿದಿದ್ರಲ್ಲಿ ಕಳೀತಾ ಹೋಗ್ಬೇಕು: 57720 ರಲ್ಲಿ 5 ಕಳೆದ್ರೆ 57715, ಆಮೇಲೆ 5771 ರಲ್ಲಿ 25 ಹೋದ್ರೆ 5746, 574 ರಲ್ಲಿ 30 ಹೋದ್ರೆ 544, 54 ರಲ್ಲಿ 20 ಹೋದ್ರೆ 34. ಹದಿನೇಳೆರಡ್ಲಿ ಮೂವತ್ನಾಲ್ಕು, ಸಿಕ್ತು! ಭಾಗಿಸಿದ್ರೆ 33953. ಇದನ್ನ 19 ಕ್ಕೆ ನೋಡೋಕೆ ಕೊನೆ ಅಂಕಿಯ ಎರಡರಷ್ಟನ್ನ ಕೂಡಿಸ್ಬೇಕು: 3395 ಕ್ಕೆ 6 ಸೇರಿ 3401, 340 ಕ್ಕೆ 2 ಸೇರಿ 342, 34 ಕ್ಕೆ 4 ಸೇರಿ 38. ಇದೂ ಹೋಯ್ತು, ಉಳಿದಿದ್ದು 1787.

ಇಲ್ಲಿ ತುಂಬ ಜನ ಸುಮ್ನೆ ಜಾಸ್ತಿ ಕೆಲಸ ಮಾಡ್ತಾರೆ. 1787 ರ ವರ್ಗಮೂಲ 42 ಚಿಲ್ರೆ, ಸೊ 41 ರ ತನಕ ನೋಡಿದ್ರೆ ಮುಗೀತು, ಅದ್ರಲ್ಲೂ ಚಿಕ್ಕವೆಲ್ಲ ಆಗ್ಲೇ ಔಟ್ ಆಗಿವೆ, 17 ಇನ್ನೊಂದ್ಸಲ ಹೋಗಲ್ಲ, ಉಳಿದಿರೋದು 19, 23, 29, 31, 37, 41 ಅಷ್ಟೆ. ಯಾವುದೂ ಹೋಗಲ್ಲ, ಹಾಗಾಗಿ ಅದು ಅವಿಭಾಜ್ಯ.

577201 = 17 × 19 × 1787

ತಾಳೆ ನೋಡೋಕೆ ಒಂದೇ ಅಂಕಿ ಬರೋ ತನಕ ಅಂಕಿ ಮೊತ್ತ ಮಾಡಿ: 17 ಕ್ಕೆ 8, 19 ಕ್ಕೆ 1, 1787 ಕ್ಕೆ 5, ಗುಣಿಸಿದ್ರೆ 40 ಅಂದ್ರೆ 4. ನಮ್ಮ 22 ಕೂಡ 4. ಇದು ಪಕ್ಕಾ ಪ್ರೂಫ್ ಅಲ್ಲ, ಆದ್ರೆ ಕೈತಪ್ಪು ಹೆಚ್ಚಿನವು ಇಲ್ಲೇ ಸಿಕ್ಕಿಬೀಳ್ತವೆ.

ಒಡೆದಾದ್ಮೇಲೆ ಉಳಿದಿದ್ದು ಪುಕ್ಸಟ್ಟೆ. ಮೂರು ಬೇರೆ ಬೇರೆ ಅವಿಭಾಜ್ಯ ಇರೋದ್ರಿಂದ ಭಾಜಕಗಳು 2×2×2, ಎಂಟು. ಅವುಗಳ ಮೊತ್ತ 18×20×1788, ಅಂದ್ರೆ 643680. ಅದ್ರಲ್ಲಿ ಆ ನಂಬರನ್ನೇ ಕಳೆದ್ರೆ 66479, ನಂಬರಿಗಿಂತ ಎಷ್ಟೋ ಕಮ್ಮಿ, ಸೊ ಇದು ಪರಿಪೂರ್ಣ ಸಂಖ್ಯೆಯ (ತನ್ನನ್ನ ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೇ ಸಮ ಇರೋ ಸಂಖ್ಯೆಯ) ಹತ್ರಕ್ಕೂ ಬರಲ್ಲ.

ನಂಗೆ ಇಷ್ಟ ಆಗೋದು ಇನ್ನೊಂದು. ಎರಡು ಪೂರ್ಣವರ್ಗ ಕೂಡಿಸಿ 577201 ಮಾಡೋಕಾಗುತ್ತಾ? 4 ರಿಂದ ಭಾಗಿಸಿದ್ರೆ ಶೇಷ 1, ನೋಡಿದ್ರೆ ಆಗ್ಬಹುದು ಅನ್ಸುತ್ತೆ. ಆದ್ರೆ 4 ರಿಂದ ಭಾಗಿಸಿದಾಗ ಶೇಷ 3 ಬರೋ ಅವಿಭಾಜ್ಯ ಯಾವುದೇ ಇದ್ರೂ ಅದು ಜೋಡಿ ಜೋಡಿಯಾಗೇ ಇರ್ಬೇಕು, ಇಲ್ಲಿ 19 ಒಂಟಿ, 1787 ನೂ ಒಂಟಿ. ಆಗಲ್ಲ, ನೂರಾರು ವರ್ಗ ಕಳೆದು ನೋಡೋ ರಗಳೆನೇ ಇಲ್ಲ.