ಬಾಡಿದ ಗಿಡಕ್ಕೆ ನೀರು ಹಾಕುವ ಮುನ್ನ

ಬೇಸಿಗೆಯಲ್ಲಿ ಬೆಂಗಳೂರಿನ ತಾರಸಿಗಳ ಮೇಲೆ ಗಿಡಗಳು ಬಾಯಾರಿಯೂ ಸಾಯುತ್ತವೆ, ನೀರು ಹೆಚ್ಚಾಗಿಯೂ ಸಾಯುತ್ತವೆ. ಎರಡರಲ್ಲೂ ಎಲೆ ಜೋತುಬೀಳುವುದೇ ತೊಡಕು.

ಮೊದಲಿಗೆ, ಮಧ್ಯಾಹ್ನ ನೋಡಿ ತೀರ್ಮಾನಿಸಬೇಡಿ. ಕುಂಬಳದಂಥ ಅಗಲ ಎಲೆಯವು ಬಿಸಿಲಿಗೆ ಬಾಡಿ ಸಂಜೆಗೆ ತಾವೇ ಚೇತರಿಸಿಕೊಳ್ಳುತ್ತವೆ. ಬೆಳಗ್ಗೆ 6ಕ್ಕೂ ಜೋತಿದ್ದರೆ ಮುಂದುವರಿಯಿರಿ.

ಈಗ ಬೆರಳನ್ನು 2 ಇಂಚು ಮಣ್ಣಿಗಿಳಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ಮೇಲ್ಮಣ್ಣು ಒಣಗಿದ್ದನ್ನು ಕಂಡು ಪೈಪ್ ಹಿಡಿಯುತ್ತಾರೆ. ಅಗ್ಗದ ತೇವಾಂಶ ಮೀಟರ್ ನಂಬಬೇಡಿ. ಅದು ಅಳೆಯುವುದು ವಿದ್ಯುತ್ ಹರಿವನ್ನು, ಗೊಬ್ಬರದ ಲವಣ ಹೆಚ್ಚಿದ್ದರೂ ‘ಒದ್ದೆ’ ಎನ್ನುತ್ತದೆ.

ಒಳಗೂ ಒದ್ದೆಯಿದ್ದರೆ ಬೇರಿಗೆ ಆಮ್ಲಜನಕ ಸಿಗುತ್ತಿಲ್ಲ. ಆಗ ಬೇರಿನ ಕೋಶದ್ರವ ಆಮ್ಲೀಯವಾಗಿ, ಕೋಶಪೊರೆಯಲ್ಲಿ ನೀರು ಸಾಗುವ ಅಕ್ವಾಪೊರಿನ್ ಎಂಬ ದಾರಿಗಳು ಮುಚ್ಚಿಕೊಳ್ಳುತ್ತವೆ. ನೀರಲ್ಲಿ ನಿಂತೇ ಗಿಡ ಬಾಡುತ್ತದೆ. ಟೊಮೆಟೊದಲ್ಲಿ ಇನ್ನೊಂದು ಸುಳಿವುಂಟು: ಎಥಿಲೀನ್ ಎಂಬ ಅನಿಲರೂಪದ ಹಾರ್ಮೋನ್ ಹೆಚ್ಚಿ ಎಲೆತೊಟ್ಟು ಕೆಳಕ್ಕೆ ಬಾಗುತ್ತದೆ, ಆದರೆ ಎಲೆ ಮುಟ್ಟಿದರೆ ಬಿಗಿಯಾಗಿಯೇ ಇರುತ್ತದೆ. ನೀರು ನಿಲ್ಲಿಸಿ, ಕುಂಡದ ತೂತು ಬಿಡಿಸಿ, ಕೆಳಗಿನ ತಟ್ಟೆ ತೆಗೆದುಬಿಡಿ. ಎರಡು ಮೂರು ದಿನಕ್ಕೂ ಏಳದಿದ್ದರೆ ಗಿಡ ಕಿತ್ತು ನೋಡಿ. ಕಂದುಗಟ್ಟಿ, ಮೆತ್ತಗಾಗಿ, ನಾರುವ ಬೇರನ್ನು ಕತ್ತರಿಸಿ ಹೊಸ ಮಣ್ಣಿಗೆ ನೆಡಿ. ತಳಕ್ಕೆ ಜಲ್ಲಿ ಹಾಕುವುದು ದಂಡ, ಅದರ ಮೇಲಿನ ಮಣ್ಣಲ್ಲೇ ನೀರು ನಿಲ್ಲುತ್ತದೆ.

ಮಣ್ಣು ಒಳಗೂ ಒಣಗಿದ್ದರೆ ಗಿಡ ಆಗಲೇ ಬಾಗಿಲು ಹಾಕಿಕೊಂಡಿದೆ. ಎಲೆಯಲ್ಲಿ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನ್ ಏರಿ, ಪತ್ರರಂಧ್ರದ (ಎಲೆ ಉಸಿರಾಡುವ ಸಣ್ಣ ತೂತಿನ) ಇಕ್ಕೆಲದ ಕಾವಲುಕೋಶಗಳಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ. ಪೊಟ್ಯಾಸಿಯಂ ಹೊರಬೀಳುತ್ತದೆ, ಹಿಂದೆಯೇ ನೀರೂ. ಕೋಶಗಳು ಸಡಿಲಗೊಂಡು ರಂಧ್ರ ಮುಚ್ಚುತ್ತದೆ. ನೀರು ಉಳಿಯುತ್ತದೆ, ಆದರೆ ಎಲೆಗೆ ಇಂಗಾಲದ ಡೈಆಕ್ಸೈಡ್ ಸಿಗದು, ಕಾವೂ ಏರುತ್ತದೆ. ಹಾಗಾಗಿ ನೀರಿನ ಜೊತೆ ನೆರಳೂ ಬೇಕು.

ಪೂರ್ತಿ ಒಣಗಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮೇಲಿಂದ ಸುರಿದ ನೀರನ್ನು ಸರಿಯಾಗಿ ಹೀರದಿರಬಹುದು. ನೀರು ಅಂಚಿನಿಂದ ಜಾರಿ ತೂತಿನಲ್ಲಿ ಹೋಗುತ್ತದೆ. 3 ಇಂಚು ನೀರಿರುವ ಟಬ್‌ನಲ್ಲಿ ಕುಂಡವನ್ನು ಅರ್ಧ ಗಂಟೆ ಇಡಿ, ಮೇಲ್ಮಣ್ಣು ತೇವವಾದೊಡನೆ ತೆಗೆದು ಬಸಿಯಲು ಬಿಡಿ. ಎರಡು ದಿನ ನೆರಳು.

ಹೊಸ ಚಿಗುರು ಬರುವವರೆಗೆ ಗೊಬ್ಬರ ಬೇಡ, ‘ತಕ್ಷಣ ಚೇತರಿಕೆ’ಯ ಟಾನಿಕ್ಕಂತೂ ಬೇಡವೇ ಬೇಡ: ಲವಣ ಹೆಚ್ಚಾದಷ್ಟೂ ಬೇರಿಗೆ ನೀರೆಳೆಯುವುದು ಕಷ್ಟ. ಬೋರ್‌ವೆಲ್ ನೀರು ಹಾಕುವವರ ಕುಂಡದಂಚಿನ ಬಿಳಿ ಪೊರೆಯೂ ಲವಣವೇ. ತಿಂಗಳಿಗೊಮ್ಮೆ ಮಳೆನೀರಿನ ಸಂಪಿನಿಂದ ತೂತಿನಲ್ಲಿ ಧಾರಾಳ ಹರಿಯುವಷ್ಟು ಹೊಯ್ಯಿರಿ.