ಗುಟ್ಟು ಮೊದಲೇ ಹೇಳಿಬಿಟ್ಟ ಪ್ರಸಂಗ

ಯಕ್ಷಗಾನದ ಆಟ ಮುಗಿದು ವೇಷಧಾರಿಗಳು ಚೌಕಿಯಲ್ಲಿ ಬಣ್ಣ ತೆಗೆಯುತ್ತಿದ್ದರು. ನಮ್ಮೂರಿನ ಅಜ್ಜಿಯೊಬ್ಬರು ಮೊಮ್ಮಗನ ಕೈ ಹಿಡಿದುಕೊಂಡು ಒಳಗೆ ಬಂದು ನನ್ನನ್ನು ಹುಡುಕಿದರು.

"ಪ್ರಸಂಗ ಬರೆದದ್ದು ನೀನಾ ಮಗಾ?"

"ಹೌದು ಅಜ್ಜಿ."

"ಆ ಶಿಶುವಿನ ಕೊರಳಿಗೆ ತಾಯಿತ ಕಟ್ಟುವಾಗಲೇ ಎಂಕ್ ಗೊತ್ತಾಂಡ್, ನನಗೆ ಗೊತ್ತಾಯ್ತು. ರಾಜನಿಗೆ ಗೊತ್ತಾಗಲಿಕ್ಕೆ ಮತ್ತೆ ಮೂರು ಗಂಟೆ ಬೇಕಾಯ್ತಾ?"

ಅವರು ಕೋಪದಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದು. ನನ್ನಲ್ಲಿ ಉತ್ತರ ಇರಲಿಲ್ಲ. ಮನೆಗೆ ಹೋಗಿ ಮಲಗಿದರೂ ನಿದ್ದೆ ಬರಲಿಲ್ಲ.

ನಾನು ಹಗಲು ಕಾಪುವಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುವವನು. ಹನ್ನೆರಡು ವರ್ಷದಿಂದ ನಮ್ಮ ಊರಿನ ಹವ್ಯಾಸಿ ತಂಡಕ್ಕೆ ಯಕ್ಷಗಾನ ಪ್ರಸಂಗ, ಎಂದರೆ ಪದ್ಯರೂಪದ ಆಟದ ಕಥೆ, ಬರೆದುಕೊಡುತ್ತಿದ್ದೇನೆ. ನಮ್ಮದು ತೆಂಕುತಿಟ್ಟು, ಎಂದರೆ ತೆಂಕಣ ಶೈಲಿ; ರಾತ್ರಿಯಿಡೀ ಅಲ್ಲದ, ಕಾಲಮಿತಿಯ ಆಟ. ಪೌರಾಣಿಕ ಪ್ರಸಂಗಗಳನ್ನು ಆಡುತ್ತೇವೆ, ವರ್ಷಕ್ಕೊಂದು ಕಲ್ಪಿತ ಕಥೆಯನ್ನೂ ಆಡುತ್ತೇವೆ. ಆ ಕಲ್ಪಿತ ಕಥೆ ನನ್ನ ಜವಾಬ್ದಾರಿ. ಆ ವರ್ಷದ್ದು ಹೀಗಿತ್ತು: ಶತ್ರುಗಳ ಕೈಯಿಂದ ತಪ್ಪಿಸಿಕೊಂಡು ರಾಜ ರಾತ್ರಿಯಲ್ಲಿ ಹೊಳೆ ದಾಟುತ್ತಾನೆ, ಶಿಶು ಹೊಳೆಪಾಲಾಗುತ್ತದೆ, ಅಂಬಿಗ ಎತ್ತಿ ಸಾಕುತ್ತಾನೆ. ಇಪ್ಪತ್ತು ವರ್ಷದ ಮೇಲೆ ಅಪ್ಪ ಮಗ ಯುದ್ಧಕ್ಕೆ ನಿಲ್ಲುತ್ತಾರೆ. ರಾಜ ಕತ್ತಿ ಎತ್ತಿದಾಗ ಹುಡುಗನ ಎದೆಯ ಮೇಲಿನ ವಸ್ತ್ರ ಸರಿದು ತಾಯಿತ ಕಾಣುತ್ತದೆ. "ಮಗನೇ!" ಎಂದು ಅಪ್ಪಿಕೊಳ್ಳುತ್ತಾನೆ. ಮಂಗಳ.

ಆ ಒಂದು ಕ್ಷಣವನ್ನು ಕಾಪಾಡಲಿಕ್ಕೆ ಉಳಿದ ಎಲ್ಲವನ್ನೂ ನಾನು ಮುಚ್ಚಿಟ್ಟಿದ್ದೆ. ಹುಡುಗನಿಗೆ ತಾನು ಯಾರೆಂದು ಗೊತ್ತಿಲ್ಲ, ರಾಜನಿಗೆ ಗೊತ್ತಿಲ್ಲ, ರಾಣಿಗೂ ಗೊತ್ತಿಲ್ಲ. ಆದ್ದರಿಂದ ಅವರಿಗೆ ಮಾತನಾಡಲಿಕ್ಕೆ ಏನೂ ಇರಲಿಲ್ಲ. ಪದ್ಯಕ್ಕೆ ಮಾತು ಕಟ್ಟಿ ಹೇಳುವ ಅರ್ಥಧಾರಿಗಳು ಪಾಪ, ತಮ್ಮ ಪರಾಕ್ರಮವನ್ನೇ ಹಿಂದೆ ಮುಂದೆ ಮಾಡಿ ಹೇಳುತ್ತಿದ್ದರು. ಜನ ಎದ್ದು ಚರುಮುರಿ ಗಾಡಿಯ ಕಡೆ ಹೋದರು.

ವರ್ಷದ ತಿರುಗಾಟ ಮುಗಿಸುವ ಪತ್ತನಾಜೆಯ ದಿನ ಮೇಳಗಳೆಲ್ಲ ಗೆಜ್ಜೆ ಬಿಚ್ಚಿದ ಮೇಲೆ ಜನರಿಗೂ ಪುರುಸೊತ್ತು, ನನಗೂ ಪುರುಸೊತ್ತು. ಆ ಮಳೆಗಾಲ ನಾನು ಆಟ ನೋಡುವ ಚಟ ಇದ್ದವರನ್ನೆಲ್ಲ ಕಂಡಲ್ಲಿ ಒಂದೇ ಪ್ರಶ್ನೆ ಕೇಳಿದೆ: "ಕಲ್ಪಿತ ಪ್ರಸಂಗದಲ್ಲಿ ನಿಮಗೆ ಎಂತ ನೋಡಿ ಸಾಕಾಗಿದೆ, ಎಂತ ನೋಡಬೇಕು ಅಂತ ಉಂಟು?" ಚಾ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಕೇಳಿದೆ. ಸಾಕಾದದ್ದರ ಪಟ್ಟಿ ಬೇಗ ತುಂಬಿತು. ಒಂದೇ ಹೋಲಿಕೆಯ ಅವಳಿಗಳು, ಮಚ್ಚೆ ನೋಡಿ ಗುರುತು ಹಿಡಿಯುವುದು, ಕಥೆ ಕಟ್ಟಿಹೋದಲ್ಲಿ ಋಷಿ ಬಂದು ಕೊಡುವ ಶಾಪ, ಕೊನೆಯ ಐದು ನಿಮಿಷದಲ್ಲಿ ಒಳ್ಳೆಯವನಾಗುವ ದುಷ್ಟ ಭಾವಮೈದುನ. ಬೇಕಾದದ್ದು ಹೇಳುವಾಗ ಮಾತ್ರ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು. ನಿವೃತ್ತ ಮಾಸ್ತರರೊಬ್ಬರು ಹೇಳಿದ್ದನ್ನು ಆವತ್ತೇ ಬರೆದಿಟ್ಟುಕೊಂಡೆ: "ಗುಟ್ಟು ನಮಗೆ ಮೊದಲೇ ಹೇಳಿ ಮಾರಾಯ್ರೆ. ಗುಟ್ಟು ಗೊತ್ತಿದ್ದವ ಎಂತ ಮಾಡ್ತಾನೆ ಅಂತ ನೋಡುವುದೇ ನಮಗೆ ಆಟ."

ಯೋಚನೆ ಮಾಡಿದರೆ ನಮ್ಮ ರಂಗಸ್ಥಳ ನಿಂತಿರುವುದೇ ಅದರ ಮೇಲೆ. ಕರ್ಣ ಕುಂತಿಯ ಮಗ ಎನ್ನುವುದು ಆಟಕ್ಕೆ ಬಂದ ಮಕ್ಕಳಿಗೂ ಗೊತ್ತು. ಯುದ್ಧಕ್ಕೆ ಮೊದಲೇ ಉದ್ಯೋಗಪರ್ವದಲ್ಲಿ ಕೃಷ್ಣ ಅವನಿಗೆ ಅದನ್ನು ಹೇಳಿಬಿಡುತ್ತಾನೆ. ಇದನ್ನು ಧರ್ಮರಾಯನಿಗೆ ತಿಳಿಸಬೇಡ ಎಂದು ಕರ್ಣ ಬೇಡಿಕೊಳ್ಳುತ್ತಾನೆ. ಧರ್ಮರಾಯನಿಗೆ ತಿಳಿಯುವುದು ಯುದ್ಧವೆಲ್ಲ ಮುಗಿದು ಸತ್ತವರಿಗೆ ತರ್ಪಣ ಬಿಡುವಾಗ. ನಡುವಿನ ಅಷ್ಟೂ ದಿನ ಕರ್ಣ ಬಿಟ್ಟ ಒಂದೊಂದು ಬಾಣವನ್ನೂ ನಾವು ಗೊತ್ತಿದ್ದು ನೋಡುತ್ತೇವೆ. ಈ ಗುಟ್ಟನ್ನು ಕರ್ಣ ಬೀಳುವ ಹದಿನೇಳನೇ ದಿನದ ಸಂಜೆಗೆ ಇಟ್ಟಿದ್ದರೆ ಒಂದು ಕ್ಷಣದ ಆಶ್ಚರ್ಯ ಸಿಗುತ್ತಿತ್ತು, ಕರ್ಣ ಸಿಗುತ್ತಿರಲಿಲ್ಲ.

ಬಭ್ರುವಾಹನನ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ. ಜೈಮಿನಿ ಭಾರತದಲ್ಲಿ ಅವನು ಕಾಣಿಕೆ ಹಿಡಿದುಕೊಂಡು, ನಾನು ನಿನ್ನ ಮಗ ಎಂದು ಹೇಳಿಕೊಂಡೇ ಅರ್ಜುನನ ಮುಂದೆ ಬರುತ್ತಾನೆ. ಅಲ್ಲಿ ಗುಟ್ಟು ಎಂಬುದೇ ಇಲ್ಲ. ಅರ್ಜುನ ಒಪ್ಪುವುದಿಲ್ಲ, ಕಾಲಿನಿಂದ ಒದೆಯುತ್ತಾನೆ. ತಿರುವು ಇರುವುದು ಆ ಒದೆತದಲ್ಲಿ. ನನ್ನ ಪ್ರಸಂಗದಲ್ಲಿ ಗುರುತು ಸಿಕ್ಕಿದ ಕೂಡಲೇ ಕಥೆ ಮುಗಿಯುತ್ತಿತ್ತು. ಇಲ್ಲಿ ಗುರುತು ಸಿಕ್ಕಿದ ಮೇಲೆ ಕಥೆ ಶುರುವಾಗುತ್ತದೆ.

ಇನ್ನೊಂದು ನೆನಪು ಕಾಲೇಜಿನ ಕಾವ್ಯಮೀಮಾಂಸೆಯ ಪಾಠದ್ದು. ಸಾವಿರ ವರ್ಷದ ಹಿಂದೆ ಕಾಶ್ಮೀರದ ಆಲಂಕಾರಿಕ ಕುಂತಕ ವಕ್ರೋಕ್ತಿಯ, ಎಂದರೆ ಮಾತನ್ನು ಬಾಗಿಸಿ ಹೇಳುವ ಸೊಗಸಿನ, ಬಗೆಗಳನ್ನು ಹೇಳುವಾಗ ಅಕ್ಷರ, ಪದ, ವಾಕ್ಯದಲ್ಲಿ ನಿಲ್ಲದೆ ಪ್ರಕರಣ ವಕ್ರತೆಗೂ ಬರುತ್ತಾನೆ. ಎಂದರೆ ಹಳೆಯ ಕಥೆಯ ಒಂದು ಸನ್ನಿವೇಶವನ್ನು ಕವಿ ಹೊಸದಾಗಿ ಬಾಗಿಸುವ ಬಗೆ. ಅವನು ಕೊಡುವ ಉದಾಹರಣೆಗಳಲ್ಲಿ ಕಾಳಿದಾಸ ಶಾಕುಂತಲದಲ್ಲಿ ತಂದ ದೂರ್ವಾಸ ಶಾಪವೂ ಒಂದು. ಮೂಲ ಮಹಾಭಾರತದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ದುಷ್ಯಂತನಿಗೆ ಎಲ್ಲ ನೆನಪಿದೆ. ನೆನಪಿದ್ದೂ ತುಂಬಿದ ಸಭೆಯಲ್ಲಿ "ನೀನು ಯಾರೋ ನನಗೆ ಗೊತ್ತಿಲ್ಲ" ಅನ್ನುತ್ತಾನೆ, ಜನ ಸಂಶಯ ಪಟ್ಟಾರೆಂಬ ಕಾರಣಕ್ಕೆ. ಕಾಳಿದಾಸ ಶಾಪ ತಂದು ಆ ಕಳಂಕ ತೊಳೆದ. ನಾಯಕನ ಮೇಲೆ ಅವನಿಗಿದ್ದ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ನನಗೆ ಬೇಕಾದದ್ದು ತೊಳೆಯದ ದುಷ್ಯಂತ. ಗೊತ್ತಿದ್ದೂ ಗೊತ್ತಿಲ್ಲ ಅನ್ನುವ ರಾಜ.

ಅಲ್ಲಿಂದ ಪ್ರಸಂಗವನ್ನು ಪುನಃ ಮೊದಲಿನಿಂದ ಬರೆದೆ. ಶಿಶು ಹೊಳೆಪಾಲಾಗುವುದನ್ನು ತೆಗೆದುಹಾಕಿದೆ. ಮಗು ಅಳುತ್ತಿದೆ, ಅಳು ಕೇಳಿದರೆ ಶತ್ರುಗಳು ಬರುತ್ತಾರೆ, ಬೆಳಿಗ್ಗೆ ಬಂದು ಕರೆದುಕೊಂಡು ಹೋಗುತ್ತೇನೆಂದು ರಾಜ ಅದನ್ನು ಅಂಬಿಗನ ಹೆಂಡತಿಯ ಕೈಗೆ ಕೊಟ್ಟು ದಾಟುತ್ತಾನೆ. ಮತ್ತೆ ಬರುವುದಿಲ್ಲ. ರಾಜ್ಯ ಸಿಗುತ್ತದೆ, ಇನ್ನೊಬ್ಬ ಮಗ ಹುಟ್ಟುತ್ತಾನೆ, ಬರದಿದ್ದುದಕ್ಕೆ ಕಾರಣ ಹೇಳುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಾ ಹೋಗುತ್ತದೆ. ಹೊಳೆಯ ಮರಳದಂಡೆಯಲ್ಲಿ ಬೆಳೆದ ಹುಡುಗನಿಗೆ ಪುಲಿನ ಎಂದು ಹೆಸರಿಟ್ಟೆ. ಎರಡನೇ ದೃಶ್ಯದಲ್ಲೇ ಅಂಬಿಗ ಅವನಿಗೆ ಎಲ್ಲ ಹೇಳಿಬಿಡುತ್ತಾನೆ. ಹುಡುಗ ಯುದ್ಧಕ್ಕೆ ಹೋಗುವುದಿಲ್ಲ. ಹೊಳೆಯ ಜನರ ಸುಂಕ ಇಳಿಸಬೇಕೆಂದು ಕೇಳಲು ಸಂಧಾನಕ್ಕೆ ಹೋಗುತ್ತಾನೆ, ತಾಯಿತವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿಕೊಂಡು.

ಸಭೆಗೆ ಬಂದವನ ಮೊದಲ ಪದ್ಯಕ್ಕೆ ನನಗೆ ಹದಿನೈದು ದಿನ ಹಿಡಿಯಿತು. ಸಭೆಗೆ ಒಂದು ಅರ್ಥ, ಅಪ್ಪನಿಗೆ ಒಂದು ಅರ್ಥ ಆಗಬೇಕಿತ್ತು. ಭಾಮಿನಿ ಷಟ್ಪದಿಯಲ್ಲಿ ಮೂರು, ನಾಲ್ಕು ಮಾತ್ರೆಗಳು ಒಂದರ ಹಿಂದೆ ಒಂದು ಬರುವುದರಿಂದ ಮಾತು ಹೇಳಿ ತಡೆದ ಹಾಗೆ ಕೇಳಿಸುತ್ತದೆ. ಅದಕ್ಕೇ ಅದನ್ನು ಆರಿಸಿದೆ. ಮೊದಲ ಅರ್ಧ ಇದು:

ದೊರೆಯೆ ಕೇಳೈ ಹೊಳೆಯ ದಡದಲಿ
ಮರೆತು ಹೋಗಿಹ ಒಡವೆಯೊಂದನು
ಧರಿಸಿ ಬಂದೆನು ಬೆಲೆಯ ಕೇಳೆನು ಗುರುತು ಹೇಳುವೆಯಾ

ಮೊದಲು "ಮರೆತು" ಇದ್ದಲ್ಲಿ "ತೊರೆದು" ಎಂದು ಬರೆದಿದ್ದೆ. ಛಂದಸ್ಸಿಗೆ ಅದೂ ಸರಿ, ಪ್ರಾಸಕ್ಕೂ ಸರಿ. ನಮ್ಮ ಭಾಗವತರು ಎರಡು ಸಲ ಹಾಡಿ ನೋಡಿ ನಿಲ್ಲಿಸಿದರು. "ತೊರೆದು ಅಂದರೆ ಹುಡುಗ ಬೈದ ಹಾಗಾಯ್ತು. ಬೈದರೆ ರಾಜನಿಗೆ ಸುಲಭ, ತಿರುಗಿ ಬೈದು ಮುಗಿಸ್ತಾನೆ. ಮರೆತು ಅನ್ನಿ. ಅಪ್ಪನಿಗೆ ತಪ್ಪಿಸಿಕೊಳ್ಳಲಿಕ್ಕೆ ಇವನೇ ಒಂದು ದಾರಿ ಬಿಟ್ಟುಕೊಡಲಿ. ಆ ದಾರಿ ಹಿಡೀತಾನಾ ಇಲ್ವಾ ನೋಡುವ." ಒಂದೇ ಶಬ್ದದಲ್ಲಿ ಹುಡುಗನ ಸ್ವಭಾವ ಪೂರ್ತಿ ಬದಲಾಯಿತು. ಆ ಶಬ್ದ ಅವರದ್ದು, ಎಲ್ಲಿ ಹೇಳಿದರೂ ನಾನು ಇದನ್ನು ಸೇರಿಸಿಯೇ ಹೇಳುತ್ತೇನೆ.

ಮಳೆಗಾಲದ ಆಟಿ ತಿಂಗಳಿನಲ್ಲಿ ಇದನ್ನು ಮೊದಲು ತಾಳಮದ್ದಳೆಯಾಗಿ ಮಾಡಿದೆವು. ಹೊಸ ಕಥೆಯನ್ನು ಪರೀಕ್ಷಿಸಲು ಇಂಥ ಕೂಟಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಬಣ್ಣದ ಬೆಳಕು ಇಲ್ಲ. ಭಾಗವತರು, ಚೆಂಡೆ, ಮದ್ದಳೆ, ಎದುರುಬದುರು ಕುಳಿತ ಅರ್ಥಧಾರಿಗಳು, ಅಷ್ಟೇ. ತಿರುವು ಬರೀ ಮಾತಿನ ಮೇಲೆ ನಿಲ್ಲಬೇಕು. ತಾಯಿತ ತೋರಿಸಿ ತಪ್ಪಿಸಿಕೊಳ್ಳಲಿಕ್ಕೆ ಆಗುವುದಿಲ್ಲ.

ಅವತ್ತು ಮಳೆ ಜೋರಿತ್ತು, ಭಜನಾ ಮಂದಿರದೊಳಗೆ ಮೂವತ್ತು ಮೂವತ್ತೈದು ಜನ. ಪದ್ಯ ಆಯಿತು. ರಾಜನ ಅರ್ಥ ಹೇಳುವವರು ಗುರುತು ಸಿಕ್ಕಿದವರಂತೆ ಕ್ಷಣ ತಡೆದರು. ಆಮೇಲೆ ಬಹಳ ನಯವಾಗಿ, "ಹೊಳೆಯಲ್ಲಿ ತೇಲಿ ಬರುವ ವಸ್ತುಗಳು ಸಾವಿರ. ಎಲ್ಲದಕ್ಕೂ ಅರಮನೆ ಒಡೆಯನೇ?" ಎಂದರು. ಕುಳಿತವರ ಮೈಯೆಲ್ಲ ಬಿಗಿಯಾದದ್ದು ನನಗೆ ಕಂಡಿತು. ನನ್ನ ಬರಹದಲ್ಲಿ ಇದಾದ ಮೇಲೆ ಮಂತ್ರಿಯ ಮಾತು ಬರಬೇಕು. ರಾಣಿಗೆ ಈ ದೃಶ್ಯದಲ್ಲಿ ಪದ್ಯವೇ ಇಲ್ಲ. ಆದರೆ ರಾಣಿಯ ಅರ್ಥಕ್ಕೆ ಕುಳಿತಿದ್ದ ಹುಡುಗ, ಇನ್ನೂ ಡಿಗ್ರಿ ಓದುವವನು, ಮಂತ್ರಿ ಬಾಯಿ ತೆರೆಯುವ ಮೊದಲೇ ಪುಲಿನನ ಕಡೆ ತಿರುಗಿ ಮೆಲ್ಲನೆ ಕೇಳಿದ:

"ಊಟ ಆಯ್ತಾ ಮಗಾ?"

ನಮ್ಮ ಊರಿನಲ್ಲಿ ಯಾರು ಯಾರಿಗೂ ಕೇಳುವ ಮಾತು ಅದು. ಹಾದಿಯಲ್ಲಿ ಸಿಕ್ಕಿದ ಪರಿಚಯ ಇಲ್ಲದ ಮಕ್ಕಳನ್ನೂ ಮಗಾ ಎಂದೇ ಕರೆಯುತ್ತೇವೆ. ಸಭೆಗೆ ಅದು ಬರೀ ಉಪಚಾರ. ರಾಜನಿಗೆ ಮಾತ್ರ, ಇಪ್ಪತ್ತು ವರ್ಷ ತಾನೊಬ್ಬನೇ ಹೊತ್ತುಕೊಂಡಿದ್ದೇನೆಂದು ತಿಳಿದ ಗುಟ್ಟು ಇವಳಿಗೂ ಗೊತ್ತಿದೆ ಎಂಬ ಸುದ್ದಿ. ಮದ್ದಳೆಯವರು ಕೈಯನ್ನು ಮದ್ದಳೆಯ ಮೇಲೆ ಇಟ್ಟು ಹಾಗೇ ಕುಳಿತರು. ಹಂಚಿನ ಮೇಲೆ ಮಳೆ ಬೀಳುವ ಶಬ್ದ ಬಿಟ್ಟರೆ ಬೇರೆ ಏನೂ ಇಲ್ಲ. ಪುಲಿನನ ಅರ್ಥಧಾರಿ ಉತ್ತರ ಕೊಡಲಿಕ್ಕೆ ಹೋಗಿ ಗಂಟಲು ಕಟ್ಟಿ ನಿಂತರು.

ಇಡೀ ಪ್ರಸಂಗದ ಅತಿ ದೊಡ್ಡ ತಿರುವು ಆ ಮೂರು ಶಬ್ದ. ನಾನು ಅದರ ಸುತ್ತ ಬರೆದಿದ್ದ ಒಂಬತ್ತು ಪದ್ಯಗಳನ್ನು ಆ ರಾತ್ರಿಯೇ ಹೊಡೆದು ಹಾಕಿದೆ. 130 ಪದ್ಯಗಳಿದ್ದ ಪ್ರಸಂಗ ರಂಗಸ್ಥಳಕ್ಕೆ ಬರುವಾಗ 92ಕ್ಕೆ ಇಳಿದಿತ್ತು.

ಮಂತ್ರಿಯ ಬಗ್ಗೆಯೂ ಹೇಳಬೇಕು. ಜನರ ಆಸೆಗಳಲ್ಲಿ ಎರಡನೆಯದು ಇದಾಗಿತ್ತು: ಎದುರಾಳಿಗೆ ಸರಿಯಾದ ಕಾರಣ ಕೊಡಿ. ವಾಲಿಯ ಅರ್ಥ ಕೇಳಲು ನಮ್ಮ ಕಡೆ ಜನ ಎಷ್ಟು ದೂರದಿಂದಲೂ ಬರುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾಕೆಂದು ಅವನು ರಾಮನಿಗೆ ಹಾಕುವ ಪ್ರಶ್ನೆ ನ್ಯಾಯದ್ದು, ಅದಕ್ಕೇ ಬರುತ್ತಾರೆ. ನನ್ನ ಮಂತ್ರಿ ಹಳೆಯ ರೂಪದಲ್ಲಿ ಸಿಂಹಾಸನಕ್ಕೆ ಆಸೆಪಟ್ಟವನಾಗಿದ್ದ. ಹೊಸದರಲ್ಲಿ ಅವನು ಕಿರಿಯ ರಾಜಕುಮಾರನಿಗೆ ವಿದ್ಯೆ ಕಲಿಸಿದ ಗುರು. "ಇವನನ್ನು ಇವತ್ತು ಒಪ್ಪಿದರೆ, ಯಾವ ತಪ್ಪೂ ಮಾಡದ ಆ ಹುಡುಗ ನಾಳೆ ಬೆಳಿಗ್ಗೆ ಯಾರು?" ಎಂದು ಕೇಳುತ್ತಾನೆ. ಅದಕ್ಕೆ ನನ್ನಲ್ಲೂ ಉತ್ತರ ಇಲ್ಲ, ಪುಲಿನನಲ್ಲೂ ಇಲ್ಲ. ಹಾಗಾಗಿ ಕೊನೆಯಲ್ಲಿ ಅವನು ರಾಜ್ಯ ಕೇಳುವುದಿಲ್ಲ. ಸುಂಕ ಇಳಿಸಿಕೊಂಡು, ರಾಣಿ ಬಡಿಸಿದ ಊಟ ಉಂಡು, ತಾಯಿತವನ್ನು ಕಿರಿಯವನ ಕೊರಳಿಗೆ ಕಟ್ಟಿ ಹೊರಡುತ್ತಾನೆ. ರಾಜ ಸಭೆಯ ಮುಂದೆ ಹೆಸರು ಹಿಡಿದು ಕೂಗಿ ನಿಲ್ಲಿಸಿ, ಬೆಳಿಗ್ಗೆ ಬರುತ್ತೇನೆಂದು ಬಾರದೆ ಹೋದವನು ನಾನೇ ಎಂದು ಹೇಳುತ್ತಾನೆ. ತಪ್ಪು ಮಾಡಿದ ಹಿರಿಯರು ಸಾಯುವ ಮೊದಲೇ, ನಾಲ್ಕು ಜನರ ಎದುರು ಒಪ್ಪಿಕೊಳ್ಳುವುದನ್ನು ನೋಡಬೇಕು ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಹೇಳುವಾಗ ಅವರ ಮುಖ ನೋಡಿದರೆ ಅದು ಕಥೆಯ ಮಾತು ಮಾತ್ರ ಆಗಿರಲಿಲ್ಲ.

ಅಂಬಿಗನನ್ನು ಹಾಸ್ಯಗಾರರಿಗೆ ಕೊಟ್ಟಿದ್ದೂ ಒಳ್ಳೆಯದಾಯಿತು. ನಗಿಸುತ್ತಾ ನಗಿಸುತ್ತಾ ಅವರು ಗುಟ್ಟು ಹೇಳುವಾಗ ಮಕ್ಕಳು ಕೂಡ ನಗು ನಿಲ್ಲಿಸಿದರು.

ಹೊಸ ಪ್ರಸಂಗ ಆಡಿದ್ದು ಮರು ವರ್ಷ, ಅದೇ ಗದ್ದೆಯಲ್ಲಿ. ರಾಣಿ ಊಟದ ಮಾತು ಕೇಳಿದಾಗ ಭಾಗವತರು ಮುಂದಿನ ಪದ್ಯ ಎತ್ತಲಿಲ್ಲ, ಹಾಗೇ ಬಿಟ್ಟರು. ಹಿಂದಿನ ಸಾಲಿನಿಂದ ಯಾರೋ ಮೂಗು ಒರೆಸಿಕೊಂಡದ್ದು ರಂಗಸ್ಥಳದ ತನಕ ಕೇಳಿಸಿತು.

ಮುಗಿದ ಮೇಲೆ ನಾನೇ ಅಜ್ಜಿಯನ್ನು ಹುಡುಕಿಕೊಂಡು ಹೋದೆ. ಅವರು ಚಾಪೆ ಮಡಚುತ್ತಿದ್ದರು.

"ಹೇಗಾಯ್ತು ಅಜ್ಜಿ?"

"ಒಳ್ಳೆದಾಯ್ತು ಮಗಾ," ಎಂದರು. ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಎರಡು ಹೆಜ್ಜೆ ಹೋದವರು ತಿರುಗಿ ನಿಂತರು. "ಆ ಅಂಬಿಗನ ಹೆಂಡತಿ ಎಂತ ಮಾಡಿದಳು? ಹುಡುಗ ಅರಮನೆಗೆ ಹೋದ ದಿನ ಅವಳು ಮನೆಯಲ್ಲಿ ಒಬ್ಬಳೇ ಅಲ್ವಾ?"

ಅವಳಿಗೆ ನಾನು ಇಟ್ಟಿದ್ದು ಒಂದೇ ಪದ್ಯ, ಅದೂ ಶಿಶುವನ್ನು ತೆಗೆದುಕೊಳ್ಳುವಾಗಿನದ್ದು. ಈಗ ನಾಲ್ಕಾಗಿದೆ. ಹುಡುಗ ತಿರುಗಿ ಬರುತ್ತಾನೋ ಇಲ್ಲವೋ ಎಂದು ತಿಳಿಯದೆ ಅವಳು ಎರಡು ಬಟ್ಟಲಿಗೆ ಗಂಜಿ ಬಡಿಸುವಲ್ಲಿಗೆ ಬಂದು ನಿಂತಿದ್ದೇನೆ. ಆಟಿಯ ಕೂಟಕ್ಕೆ ಮೊದಲು ಐದನೆಯದು ಆಗಬೇಕು.