ದಾಳಿಂಬೆ ಕಪ್ಪಾಯಿತೇ? ಮೊದಲು ಔಷಧದ ಡಬ್ಬಿ ಕೆಳಗಿಡಿ

ಕಳೆದ ಬೇಸಿಗೆಯಲ್ಲಿ ವಿಜಯಪುರದ ನಮ್ಮ ಓಣಿಯ ಹಿರಿಯರೊಬ್ಬರು ಹಿತ್ತಲಿನ ಎಂಟು ವರ್ಷದ ದಾಳಿಂಬೆ ಗಿಡವನ್ನು ಬುಡಸಮೇತ ಕಡಿಸಿದರು. ಕಾಯಿ ಕಪ್ಪಾಗಿವೆ, ಅಂಗಮಾರಿ ಬಂದಿದೆ ಎಂದು ಯಾರೋ ಹೇಳಿದ್ದರಂತೆ. ಬಿದ್ದ ಕಾಯಿಗಳನ್ನು ಹೊರಳಿಸಿ ನೋಡಿದೆ. ಎಲ್ಲವೂ ಒಂದೇ ಮಗ್ಗುಲಲ್ಲಿ ಸುಟ್ಟಿದ್ದವು. ಅದು ರೋಗವಲ್ಲ, ಬಿಸಿಲು.

ಆದ್ದರಿಂದ ಕಾಯಿಯನ್ನು ಕೀಳದೆ ಗಿಡದಲ್ಲೇ ನೋಡಿ. ಕಿತ್ತ ಮೇಲೆ ಯಾವ ಮಗ್ಗುಲು ಬಿಸಿಲಿಗಿತ್ತೆಂದು ತಿಳಿಯುವುದಿಲ್ಲ.

ಈಗ ಕಲೆ. ಎಲ್ಲರೂ ಎಡವುವುದು ಇಲ್ಲೇ. ಬಿಸಿಲಿನ ಕಲೆ ಅಗಲ, ಒಣಕಲು, ಚರ್ಮದಂತೆ ಬಿರುಸು. ಹೆಚ್ಚಾಗಿ ಪಶ್ಚಿಮದ ಕಡೆಗೆ, ಎಲೆಯ ಮರೆಯಿಲ್ಲದ ಕಾಯಿಗೆ ಮಾತ್ರ. ನೆರಳಿನ ಮಗ್ಗುಲು ಕೆಂಪಾಗಿಯೇ ಇರುತ್ತದೆ. ದುಂಡಾಣು ಅಂಗಮಾರಿಗೆ ದಿಕ್ಕಿನ ಹಂಗಿಲ್ಲ. ಎಣ್ಣೆ ಸಿಡಿದಂತೆ ಸಣ್ಣ ಚುಕ್ಕೆಗಳು ಎಲ್ಲೆಂದರಲ್ಲಿ ಏಳುತ್ತವೆ. ಮಹಾರಾಷ್ಟ್ರದ ರೈತರು ಇದನ್ನು ‘ತೇಲ್ಯಾ’ ಎನ್ನುವುದು ಅದಕ್ಕೇ. ಆಮೇಲೆ ಅವು ಕಪ್ಪಾಗಿ, ಕವಲೊಡೆದ ಬಿರುಕು ಬಿಡುತ್ತವೆ. ಹಳೆಯ ಕಲೆಯನ್ನು ನಂಬಬೇಡಿ. ಸುಟ್ಟ ಜಾಗದಲ್ಲೂ ಶಿಲೀಂಧ್ರ ಕೂತು ಕಪ್ಪಾಗಿರುತ್ತದೆ. ತೀರಾ ಹೊಸ ಕಲೆಯನ್ನು ಹುಡುಕಿ. ಹತ್ತಿರದ ಎಲೆಯನ್ನು ಬೆಳಕಿಗೆ ಹಿಡಿಯಿರಿ: ಚುಕ್ಕೆಯ ಸುತ್ತ ನೀರು ಹೀರಿದಂಥ ಅಂಚು ಕಂಡರೆ, ಕೊಂಬೆಯ ಗಿಣ್ಣೂ ಕಪ್ಪಾಗಿದ್ದರೆ, ಅದು ಅಂಗಮಾರಿ.

ಉಳಿದವು ಸುಲಭ. ಗೀಚಿದಂಥ ಒರಟು ಕಂದು ಸಿಪ್ಪೆ ಥ್ರಿಪ್ಸ್ ನುಸಿಯ ಕೆಲಸ, ಒಳಗಿನ ಕಾಳಿಗೆ ತೊಂದರೆಯಿಲ್ಲ. ತೂತು, ಹಿಕ್ಕೆ, ದುರ್ವಾಸನೆ ಇದ್ದರೆ ಕಾಯಿಕೊರಕ. ಕಲೆಯಿಲ್ಲದೆ ಸೀಳಿದ್ದರೆ ವಾರಗಟ್ಟಲೆ ಒಣಗಿಸಿ ಒಮ್ಮೆಲೇ ನೀರು ಸುರಿದಿದ್ದೀರಿ.

ಬಿಸಿಲಿಗೆ ಮದ್ದು ಹಳೆಯ ಬಿಳಿ ಬಟ್ಟೆಯ ಚೀಲ. ಪ್ಲಾಸ್ಟಿಕ್ ಚೀಲ ಕಟ್ಟುವವರನ್ನೂ ನೋಡಿದ್ದೇನೆ. ಕಾಯಿ ಅದರೊಳಗೆ ಬೇಯುತ್ತದೆ.

ಅಂಗಮಾರಿಯಾದರೆ ರೋಗದ ಕಾಯಿ, ಕೊಂಬೆಗಳನ್ನು ಒಣ ಹವೆಯಲ್ಲಿ ಕತ್ತರಿಸಿ ಸುಟ್ಟುಬಿಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಪ್ರತಿ ಕೊಂಬೆ ಕತ್ತರಿಸಿದ ಮೇಲೂ ಕತ್ತರಿಯನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಬೇಕು. ರೋಗವನ್ನು ಗಿಡದಿಂದ ಗಿಡಕ್ಕೆ ಆ ಕತ್ತರಿಯೂ ಹೊತ್ತೊಯ್ಯುತ್ತದೆ. ನಂತರ ಶೇ 1ರ ಬೋರ್ಡೊ ದ್ರಾವಣ: 50 ಗ್ರಾಂ ಮೈಲುತುತ್ತ, 50 ಗ್ರಾಂ ಸುಣ್ಣ, ಒಟ್ಟು 5 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಿ. ಕಬ್ಬಿಣದ ಚಾಕು ಅದ್ದಿದಾಗ ಕೆಂಪಗಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಅದೇ ದಿನ ಸಿಂಪಡಿಸಿ ಮುಗಿಸಿ. ಅಂಗಡಿಯವರು ದಾಟಿಸುವ, ಏನಿದೆಯೆಂದು ಬರೆಯದ ‘ಟಾನಿಕ್’ ಬಾಟಲಿಗೆ ದುಡ್ಡು ಸುರಿಯಬೇಡಿ.

ಅನುಮಾನ ಉಳಿದರೆ ಎಲೆ, ಕಾಯಿಗಳನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿಕೊಂಡು ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ತೋರಿಸಿ. ಒಮ್ಮೆ ಅಂಗಮಾರಿ ಕಂಡ ಗಿಡದಲ್ಲಿ ಮುಂಗಾರಿನ ಹೂವನ್ನು ನಾನು ಚಿವುಟಿಬಿಡುತ್ತೇನೆ. ಮಳೆ ತಗ್ಗಿದ ಮೇಲಿನ ಹೂವೇ ನನಗೆ ಸಾಕು.